ಮೊಬೈಲ್ ಪಟ್ಟಿಗೆ ಮೆರುಗು: ಸೀರೆಯ ಬಣ್ಣ ಮಾತ್ರ ಕೆಡದಿರಲಿ

ರಬಕವಿ-ಬನಹಟ್ಟಿ: ಕೈಮಗ್ಗ ಹಾಗೂ ವಿದ್ಯುತ್ ಮಗ್ಗದ ಸೀರೆಗಳಿಗೆ ಹೆಸರಾದ ಈ ಅವಳಿ ಪಟ್ಟಣದ ವ್ಯಾಪಾರಿಯೊಬ್ಬರು ಮೊಬೈಲ್ ಆ್ಯಪ್ ಮೂಲಕ ಮಾರಾಟಕ್ಕೆ ಮುಂದಾದರೆಂದು ಭಾವಿಸೋಣ. ಜಮಖಂಡಿ, ಮುಧೋಳ, ಬೀಳಗಿಯ ಗ್ರಾಹಕರು ಬೆರಳಿನಿಂದ ಪಟ್ಟಿಯನ್ನು ಸರಿಸಿದಂತೆ ಸೀರೆಗಳು ಒಂದೊಂದಾಗಿ ಬಂದು ಹೋಗುತ್ತವೆ. ನಡುವೆ ಬಂದ ಸೀರೆ ಹಿಗ್ಗಬೇಕು, ಅಂಚಿಗೆ ಸರಿದದ್ದು ಕುಗ್ಗಿ ಮಸುಕಾಗಬೇಕು ಎಂಬ ಆಸೆ ತಂತ್ರಾಂಶ ರೂಪಿಸುವವರಿಗೆ ಸಹಜ. ಈ ಮೆರುಗಿನ ಒಳಗುಟ್ಟು ಹಣ ಕೊಟ್ಟು ಆ್ಯಪ್ ಮಾಡಿಸುವವರಿಗೂ ತಿಳಿದಿರುವುದು ಲೇಸು.

ಸಾವಿರ ಸೀರೆಗಳಿದ್ದರೂ ಫೋನು ಸಾವಿರ ಸಾಲುಗಳನ್ನು ರಚಿಸುವುದಿಲ್ಲ. ಪರದೆಗೆ ಹಿಡಿಯುವಷ್ಟು, ಜೊತೆಗೆ ಕೆಲವು ಹೆಚ್ಚುವರಿ ಸಾಲುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಮೇಲೆ ಮರೆಯಾದ ಸಾಲೇ ಹೊಸ ಚಿತ್ರ, ಹೊಸ ಬೆಲೆ ಹೊತ್ತು ಕೆಳಗಿನಿಂದ ಮರಳುತ್ತದೆ. ಆಂಡ್ರಾಯ್ಡ್‌ಗೆ 2014ರಲ್ಲಿ ಬಂದ ರಿಸೈಕ್ಲರ್‌ವ್ಯೂ ಎಂಬ ಸಾಧನದ ಹೆಸರಿನಲ್ಲೇ ಈ ಮರುಬಳಕೆಯ ಸೂಚನೆಯಿದೆ. ಜಕಾರ್ಡ್ ಮಗ್ಗದ ಮೇಲೆ ಪೋಣಿಸಿದ ರಟ್ಟುಗಳ ಮಾಲೆ ಸುತ್ತಿ ಬರುವುದನ್ನು ದಿನವೂ ಕಾಣುವ ನೇಕಾರರಿಗೆ ಇದು ಬೇಗ ಅರ್ಥವಾದೀತು. ಆದರೆ ಅಲ್ಲಿ ಮರಳುವುದು ವಿನ್ಯಾಸ, ಇಲ್ಲಿ ಬರಿಯ ಚೌಕಟ್ಟು. ಹಿಂದಿನ ಸಾಲಿಗೆ ಕೊಟ್ಟ ಮಸುಕನ್ನು ಅಳಿಸದೆ ಬಿಟ್ಟರೆ ಅದೇ ಮಸುಕು ಹೊಸ ಸೀರೆಗೂ ಅಂಟಿಕೊಳ್ಳುತ್ತದೆ.

ಮೆರುಗಿನ ಮೂಲ ಒಂದು ಸಂಖ್ಯೆ. ಸಾಲು ಪರದೆಯ ನಡುವಿದ್ದರೆ ಸೊನ್ನೆ, ಒಂದು ಅಂಚಿನಲ್ಲಿ -1, ಇನ್ನೊಂದರಲ್ಲಿ 1 ಎಂದು ಲೆಕ್ಕ ಹಿಡಿಯಬಹುದು. ಸೊನ್ನೆಯಲ್ಲಿ ಪೂರ್ಣ ಗಾತ್ರ, ಅಂಚುಗಳಲ್ಲಿ ಹತ್ತರಲ್ಲೊಂದು ಪಾಲು ಕಡಿಮೆ ಎಂದು ವಿಧಿಸಿದರೆ ಉಳಿದದ್ದು ಗುಣಾಕಾರ. 2023ರ ಐಓಎಸ್ 17ರಿಂದ ಆಪಲ್ ಫೋನುಗಳಲ್ಲಿ ಇದಕ್ಕೆ ಸಿದ್ಧ ಸೌಲಭ್ಯವೇ ಇದೆ.

ಕಷ್ಟವಿರುವುದು ವೇಳೆಯಲ್ಲಿ. ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಒಂದು ಚಿತ್ರಣಕ್ಕೆ ಸಿಗುವ ಕಾಲ ಸುಮಾರು 16 ಮಿಲಿಸೆಕೆಂಡು. 120 ಬಾರಿಯದಾದರೆ 8 ಮಾತ್ರ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಪಟ್ಟಿ ಮುಗ್ಗರಿಸುತ್ತದೆ. ಸಾಲಿನ ನಿಜವಾದ ಎತ್ತರವನ್ನೇ ಬದಲಿಸಿದರೆ ಅಕ್ಕಪಕ್ಕದ ಸಾಲುಗಳನ್ನೂ ಮತ್ತೆ ಅಳೆಯಬೇಕಾಗುತ್ತದೆ. ಅಳತೆ ಮುಟ್ಟದೆ ಬಿಡಿಸುವಾಗಷ್ಟೇ ಕುಗ್ಗಿಸಿದರೆ ಗ್ರಾಫಿಕ್ಸ್ ಘಟಕ ಅದನ್ನು ಸಲೀಸಾಗಿ ಮಾಡುತ್ತದೆ. ಫೋಟೊಗಳದ್ದೂ ಸಣ್ಣ ಭಾರವಲ್ಲ: 4000 ಅಗಲ, 3000 ಎತ್ತರದ ಚುಕ್ಕಿಗಳ ಒಂದು ಫೋಟೊ ಸಾಮಾನ್ಯವಾಗಿ ಸ್ಮೃತಿಯಲ್ಲಿ 48 ಮೆಗಾಬೈಟ್ ಆಕ್ರಮಿಸುತ್ತದೆ. ಅಂಗೈಯಗಲದ ಸಾಲಿಗೆ ಅದನ್ನು ಕಿರಿದಾಗಿಸಿಯೇ ತರಬೇಕು.

ವೇಗಕ್ಕಿಂತ ಗಂಭೀರವಾದದ್ದು ಬಣ್ಣ. ಸರಿಯುವಾಗ ವರ್ಣ ಬದಲಿಸುವ ಮೆರುಗು ಹಾಡಿನ ಪಟ್ಟಿಗೆ ಒಪ್ಪೀತು, ಸೀರೆಗೆ ಸಲ್ಲದು. ಮೆಂತ್ಯದ ಬಣ್ಣದ ಒಡಲು ಹಸಿರಾಗಿ ಕಂಡು ಗ್ರಾಹಕರು ಕೊಂಡರೆ, ಮರಳಿ ಬರುವ ಸೀರೆಯ ನಷ್ಟ ವ್ಯಾಪಾರಿಗೆ, ಕೊನೆಗೆ ನೇಕಾರನಿಗೆ. ಸೀರೆಯ ಚಿತ್ರವನ್ನು ಮುಟ್ಟದೆ ಸುತ್ತಲಿನ ಚೌಕಟ್ಟು, ನೆರಳು, ಸ್ಥಾನಗಳಿಗಷ್ಟೇ ಚಲನೆ ಕೊಡುವುದು ಸುರಕ್ಷಿತ.

ಅತಿ ಚಲನೆ ಕೆಲವರಿಗೆ ತಲೆಸುತ್ತು ತರುತ್ತದೆ. 2013ರಲ್ಲಿ ಐಓಎಸ್ 7 ಬಂದಾಗ ಇಂಥ ದೂರುಗಳು ಕೇಳಿಬಂದಿದ್ದವು. ಚಲನೆ ತಗ್ಗಿಸುವ ಆಯ್ಕೆ ಈಗ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದೆ. ಗ್ರಾಹಕರು ಅದನ್ನು ಆರಿಸಿದ್ದರೆ ಆ್ಯಪ್ ಗೌರವಿಸಬೇಕು. ಪರೀಕ್ಷೆಯನ್ನು ದುಬಾರಿ ಫೋನಿನಲ್ಲಿ ಮಾಡಿ ಪ್ರಯೋಜನವಿಲ್ಲ. ಅಗ್ಗದ ಹಳೆಯ ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಚಿತ್ರಣದ ವೇಳೆ ತೋರಿಸುವ ಕಂಬಗಳನ್ನು ಚಾಲೂ ಮಾಡಿ ಪಟ್ಟಿಯನ್ನು ಜೋರಾಗಿ ಸರಿಸಬೇಕು. ಅಲ್ಲಿಯ ಹಸಿರು ಗೆರೆ 16 ಮಿಲಿಸೆಕೆಂಡಿನ ಗಡಿ. ಕಂಬಗಳು ಅದನ್ನು ಮತ್ತೆ ಮತ್ತೆ ದಾಟುತ್ತಿದ್ದರೆ ಮೊದಲು ತೆಗೆಯಬೇಕಾದದ್ದು ಮಸುಕು ಮತ್ತು ದೊಡ್ಡ ನೆರಳು.