ಹಾಡು ಕೇಳಿ ನೀರಿಗಿಳಿದವನು

2001ನೆಯ ಇಸವಿಯ ಮಾರ್ಚ್ 8ರಂದು, ಇಂಗ್ಲೆಂಡಿನ ವಾಯವ್ಯ ದಿಕ್ಕಿನ ಸರೋವರ ಸೀಮೆಯಲ್ಲಿ, ಕಾನಿಸ್ಟನ್ ಎಂಬ ನೀಳವಾದ ಸರೋವರದ ತಳದಲ್ಲಿ 34 ವರ್ಷಗಳಿಂದ ಹುದುಗಿದ್ದ ನೀಲಿಬಣ್ಣದ ಜೆಟ್ ದೋಣಿಯೊಂದು ಮತ್ತೆ ಬೆಳಕು ಕಂಡಿತು. ಅದನ್ನು ನೋಡಲು ಅಲ್ಲಿ ನೆರೆದವರಲ್ಲಿ ಸ್ಟೀವ್ ಹೋಗಾರ್ತ್ ಮತ್ತು ಸ್ಟೀವ್ ರಾಥರಿ ಎಂಬ ಇಬ್ಬರು ಸಂಗೀತಗಾರರೂ ಇದ್ದರು. ದೋಣಿಗೂ ಸಂಗೀತಕ್ಕೂ ಏನು ನಂಟೆಂದು ಕೇಳಿದರೆ ಉತ್ತರ ಸರಳವಾಗಿದೆ: ಆ ದೋಣಿಯನ್ನು ಹುಡುಕಿ ತೆಗೆದ ಬಿಲ್ ಸ್ಮಿತ್ ಎಂಬ ಮುಳುಗುಗಾರನಿಗೆ ಅದನ್ನು ಹುಡುಕಬೇಕೆಂಬ ಪ್ರೇರಣೆಯಾದದ್ದು ಇವರ ಹಾಡೊಂದನ್ನು ಕೇಳಿದ ಮೇಲೆ. ಹಾಡು ಕೇಳಿ ಕಣ್ಣೀರು ಹಾಕಿದವರನ್ನು ನಾವೆಲ್ಲ ಬಲ್ಲೆವು. ಹಾಡು ಕೇಳಿ ನೀರಿಗೆ ಇಳಿದವನ ಸಂಗತಿಯನ್ನು ನಾನು ಬೇರೆಲ್ಲಿಯೂ ಓದಿಲ್ಲ. ಮರಿಲಿಯನ್ ಎಂಬ ಈ ವಾದ್ಯವೃಂದದ ಬಳಿಗೆ ನನ್ನನ್ನು ಕರೆತಂದದ್ದು ಆ ಸಂಗತಿಯೇ.

ದೋಣಿಯ ಹೆಸರು ಬ್ಲೂಬರ್ಡ್; ಒಡೆಯ ಡೊನಾಲ್ಡ್ ಕ್ಯಾಂಬೆಲ್. ಜಲವೇಗದ ವಿಶ್ವದಾಖಲೆಯನ್ನು ಏಳು ಬಾರಿ ಸ್ಥಾಪಿಸಿ, 1964ರಲ್ಲಿ ನೆಲದ ಮೇಲೂ ನೀರಿನ ಮೇಲೂ ಒಂದೇ ವರ್ಷದಲ್ಲಿ ದಾಖಲೆ ಮಾಡಿದ ಏಕೈಕ ಪುರುಷನೆನಿಸಿದ್ದ ಈತ, ಗಂಟೆಗೆ 276 ಮೈಲಿಯ ತನ್ನದೇ ದಾಖಲೆಯನ್ನು ದಾಟಿ 300 ಮೈಲಿಯ ಗಡಿಯನ್ನು ಮೀರಬೇಕೆಂಬ ಹಂಬಲದಿಂದ 1967ರ ಜನವರಿ 4ರ ಬೆಳಿಗ್ಗೆ ಕಾನಿಸ್ಟನ್ನಿನ ನಿಶ್ಚಲ ಜಲದ ಮೇಲೆ ಹೊರಟನು. ಒಂದು ಸಲ ಹೋಗಿ, ಹಿಂದಿರುಗಿ ಬರುವ ಓಟದಲ್ಲಿ ದೋಣಿಯ ಮೂತಿ ಮೇಲಕ್ಕೆದ್ದು, ಅದು ಆಕಾಶದಲ್ಲಿ ಪಲ್ಟಿ ಹೊಡೆದು ನೀರಿಗೆ ಅಪ್ಪಳಿಸಿತು. ಆತನ ದೇಹ ಅಂದು ಸಿಕ್ಕಲಿಲ್ಲ. ಮಹಾತ್ಮ ಗಾಂಧಿಯವರ ಜೀವನವನ್ನು ತಿರುಗಿಸಿದ 'ಅನ್‌ಟು ದಿಸ್ ಲಾಸ್ಟ್' ಗ್ರಂಥದ ಕರ್ತೃ ಜಾನ್ ರಸ್ಕಿನ್ ತನ್ನ ಕೊನೆಗಾಲವನ್ನು ಕಳೆದದ್ದೂ ಇದೇ ಸರೋವರದ ತೀರದಲ್ಲಿ ಎಂಬುದನ್ನು ನೆನೆದಾಗ, ಅಷ್ಟು ಪ್ರಶಾಂತವಾದ ನೀರು ಅಷ್ಟು ಉಗ್ರವಾದ ಸಾವನ್ನು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡಿತೋ ಎಂದು ಮನಸ್ಸು ಮರುಗುತ್ತದೆ.

ಆ ದಿನ ಸ್ಟೀವ್ ಹೋಗಾರ್ತ್ ಹತ್ತು ವರ್ಷದ ಬಾಲಕ. ಹುಟ್ಟಿದ್ದು ಅದೇ ಸೀಮೆಯ ಅಂಚಿನ ಕೆಂಡಲ್ ಪಟ್ಟಣದಲ್ಲಿ. 1995ರ 'ಅಫ್ರೇಡ್ ಆಫ್ ಸನ್‌ಲೈಟ್' ಎಂಬ ಆಲ್ಬಮ್‌ನಲ್ಲಿ ಆತನು ಹಾಡಿದ 'ಔಟ್ ಆಫ್ ದಿಸ್ ವರ್ಲ್ಡ್' ಕ್ಯಾಂಬೆಲ್ಲನ ಕುರಿತಾದದ್ದು. ವೇಗದ ವೀರನ ಮೇಲಿನ ಹಾಡು ಅತ್ಯಂತ ವಿಳಂಬ ಲಯದಲ್ಲಿದೆ. ಸುಮಾರು ಎಂಟು ನಿಮಿಷಗಳ ಕಾಲ ಕೀಬೋರ್ಡಿನ ನಾದ ಮಂಜಿನಂತೆ ಹಬ್ಬಿರುತ್ತದೆ, ಅದರ ಮೇಲೆ ರಾಥರಿಯ ಗಿಟಾರ್ ದೂರದಿಂದ ಯಾರನ್ನೋ ಕರೆಯುತ್ತಿರುವಂತೆ ಕೇಳಿಸುತ್ತದೆ. ಬಿಲ್ ಸ್ಮಿತ್ತನಿಗೆ ಆ ಕರೆ ತನಗೇ ಎಂಬಂತೆ ತೋರಿರಬೇಕು. ಗೆಳೆಯರನ್ನು ಕೂಡಿಸಿಕೊಂಡು, ಸರೋವರದ ತಳವನ್ನು ಸೋನಾರ್ ಯಂತ್ರದ ಶಬ್ದತರಂಗಗಳಿಂದ ತಡವುತ್ತ, ವರ್ಷಗಳ ಕಾಲ ಹುಡುಕಿ, ಸುಮಾರು 150 ಅಡಿಗಳ ಆಳದಲ್ಲಿ ದೋಣಿಯನ್ನು ಕಂಡನು. ಅದನ್ನೆತ್ತಿದ ಮೇಲೆ, ಅದೇ ವರ್ಷದ ಮೇ ತಿಂಗಳಲ್ಲಿ, ಕ್ಯಾಂಬೆಲ್ಲನ ಅವಶೇಷಗಳೂ ದೊರೆತವು. ಸೆಪ್ಟೆಂಬರಿನಲ್ಲಿ ಕಾನಿಸ್ಟನ್ ಹಳ್ಳಿಯ ಮಣ್ಣಿನಲ್ಲಿ ಅವನಿಗೆ ಸಂಸ್ಕಾರವಾಯಿತು. ಹಾಡು ಬರೆದವರು ಬಯಸಿದ್ದು ಇದನ್ನಲ್ಲ. ಆದರೆ 34 ವರ್ಷ ನೀರಿನಡಿಯಲ್ಲಿದ್ದವನಿಗೆ ಆರಡಿ ನೆಲ ದೊರೆತದ್ದರ ಮೂಲದಲ್ಲಿ ಆ ಹಾಡಿದೆ.

ಇನ್ನು ಈ ತಂಡದ ಪೂರ್ವೋತ್ತರ. ಲಂಡನ್ನಿನ ವಾಯವ್ಯಕ್ಕಿರುವ ಏಲ್ಸ್‌ಬರಿ ಎಂಬ ಸಂತೆಪಟ್ಟಣದಲ್ಲಿ 1979ರಲ್ಲಿ ಹುಟ್ಟಿದಾಗ ಇದರ ಹೆಸರು, ಟೋಲ್ಕಿನ್‌ನ ಗ್ರಂಥವೊಂದರಿಂದ ತೆಗೆದುಕೊಂಡ 'ಸಿಲ್ಮರಿಲಿಯನ್'. ಮುಂದೆ ಮೊದಲಿನ 'ಸಿಲ್' ಬಿದ್ದು ಮರಿಲಿಯನ್ ಆಯಿತು. ಪ್ರೋಗ್ರೆಸಿವ್ ರಾಕ್ ಎಂಬ ಸಂಪ್ರದಾಯ, ಅಂದರೆ ಮೂರು ನಿಮಿಷದ ಪಲ್ಲವಿ ಚರಣಗಳ ಬೇಲಿಯನ್ನು ಮುರಿದು, ತಾಳವನ್ನೂ ಭಾವವನ್ನೂ ನಡುನಡುವೆ ಬದಲಿಸುತ್ತ, ಒಂದು ಕಥನವನ್ನೇ ಸಂಗೀತದಲ್ಲಿ ನಿರೂಪಿಸುವ ಆ ಪದ್ಧತಿ, ಪಂಕ್ ಸಂಗೀತದ ಅಬ್ಬರದ ಮುಂದೆ ಹಳತೆನಿಸಿಕೊಂಡಿದ್ದ ಕಾಲ ಅದು. ಆ ಕಾಲದಲ್ಲಿಯೇ ಮುಖಕ್ಕೆ ಬಣ್ಣ ಬಳಿದುಕೊಂಡು ವೇದಿಕೆಗೆ ಬರುತ್ತಿದ್ದ ಫಿಶ್ ಎಂಬ ಸ್ಕಾಟ್ಲೆಂಡಿನ ಗಾಯಕನ ನೇತೃತ್ವದಲ್ಲಿ ಇವರು ಇಎಂಐ ಕಂಪನಿಯ ಆಶ್ರಯ ಪಡೆದರು. ಬರ್ಲಿನ್ನಿನಲ್ಲಿ ಮುದ್ರಿಸಿದ 'ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್' 1985ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಅದರಲ್ಲಿನ 'ಕೇಲಿ' ಎಂಬ ಗೀತೆ ಮನೆಮಾತಾಯಿತು. 1988ರಲ್ಲಿ ಫಿಶ್ ಹೊರಟುಹೋದನು. ಮರುವರ್ಷ ಹೋಗಾರ್ತ್ ಬಂದನು. ಅಂದಿನಿಂದ ಆತ, ರಾಥರಿ, ಕೀಬೋರ್ಡಿನ ಮಾರ್ಕ್ ಕೆಲ್ಲಿ, ಬೇಸ್ ಗಿಟಾರಿನ ಪೀಟ್ ಟ್ರೆವಾವಸ್, ಡ್ರಮ್ಸಿನ ಇಯಾನ್ ಮೋಸ್ಲಿ, ಈ ಐವರು ಬದಲಾಗಿಲ್ಲ.

ಆದರೆ ಕಾಲ ಬದಲಾಯಿತು. ಸೆವರ್ನ್ ಸೇತುವೆಯ ಮೇಲೆ ದಿಕ್ಕುತಪ್ಪಿ ಅಲೆಯುತ್ತಿದ್ದ ಹುಡುಗಿಯೊಬ್ಬಳ ರೇಡಿಯೋ ವಾರ್ತೆಯಿಂದ ಮೊಳೆತ 1994ರ 'ಬ್ರೇವ್' ನನ್ನ ಎಣಿಕೆಯಲ್ಲಿ ಇವರ ಅತ್ಯುತ್ತಮ ಕೃತಿ. ಮಾರಾಟದ ಎಣಿಕೆಯಲ್ಲಿ ಹಾಗಾಗಲಿಲ್ಲ. ಕ್ಯಾಂಬೆಲ್ಲನ ಹಾಡಿದ್ದ ಮುಂದಿನ ಆಲ್ಬಮ್‌ನೊಂದಿಗೆ ಇಎಂಐ ಸಂಬಂಧ ಮುಗಿಯಿತು. 1997ರಲ್ಲಿ, ಅಮೆರಿಕದ ಪ್ರವಾಸಕ್ಕೆ ಹಣವಿಲ್ಲವೆಂದು ಮಾರ್ಕ್ ಕೆಲ್ಲಿ ಅಂತರ್ಜಾಲದಲ್ಲಿ ಅಭಿಮಾನಿಗಳಿಗೆ ತಿಳಿಸಿದಾಗ, ತಂಡದವರು ಬೇಡದೆಯೇ, ಅಲ್ಲಿನ ಕೇಳುಗರು ತಾವೇ ನಿಧಿಯೊಂದನ್ನು ತೆರೆದು ಸುಮಾರು 60,000 ಡಾಲರುಗಳನ್ನು ಕೂಡಿಸಿದರು. ಹಣ ಕೊಟ್ಟವರೇ ಮತ್ತೆ ಟಿಕೆಟು ಕೊಂಡು ಕಛೇರಿಗೆ ಬಂದರು. ಇದೇ ಧೈರ್ಯದಿಂದ, ಬ್ಲೂಬರ್ಡ್ ಮೇಲೆದ್ದ ಆ 2001ರಲ್ಲಿಯೇ ಹೊರಬಂದ ಆಲ್ಬಮ್‌ಗೆ, ಅದಿನ್ನೂ ಮುದ್ರಿತವಾಗುವ ಮೊದಲೇ, ಮುಂಗಡ ಹಣ ಕೊಡುವಿರಾ ಎಂದು ತಂಡವು ಕೇಳಿದಾಗ, 12,674 ಮಂದಿ ಕೊಟ್ಟರು. ಪುಸ್ತಕ ಅಚ್ಚಾಗುವ ಮೊದಲೇ ಚಂದಾದಾರರ ಹೆಸರು ಬರೆದುಕೊಂಡು ಕಾಗದ ಕೊಳ್ಳುತ್ತಿದ್ದ ನಮ್ಮ ಹಿಂದಿನ ಪ್ರಕಾಶಕರಿಗೆ ಇದು ಅಪರಿಚಿತವಲ್ಲ. ರಾಕ್ ಸಂಗೀತದ ವ್ಯಾಪಾರಲೋಕಕ್ಕೆ ಮಾತ್ರ ಅಪೂರ್ವವಾಗಿತ್ತು. ಕೃತಿಯ ಸ್ವಾಮ್ಯ ತಂಡದ ಕೈಯಲ್ಲಿಯೇ ಉಳಿದು, ಕೈಬಿಟ್ಟಿದ್ದ ಇಎಂಐ ಈ ಬಾರಿ ವಿತರಕನಾಗಿ ಮಾತ್ರ ಬಂದಿತು.

ಇವರ ಶೈಲಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಏಲ್ಸ್‌ಬರಿಯ ಸಮೀಪದಲ್ಲಿರುವ 'ರಾಕೆಟ್ ಕ್ಲಬ್' ಎಂಬ ಸ್ವಂತ ಸ್ಟುಡಿಯೋದಲ್ಲಿ ಐವರೂ ಕುಳಿತು, ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳದೆ, ತಿಂಗಳುಗಟ್ಟಲೆ ನುಡಿಸುತ್ತಾರೆ, ನುಡಿಸಿದ್ದೆಲ್ಲವೂ ದಾಖಲಾಗುತ್ತದೆ, ಈಚಿನ ವರ್ಷಗಳಲ್ಲಿ ಮೈಕ್ ಹಂಟರ್ ಎಂಬ ನಿರ್ಮಾಪಕನು ಆ ರಾಶಿಯಿಂದ ಕಾಳನ್ನು ಹೆಕ್ಕಿ, ಒಂದಕ್ಕೊಂದು ಹೊಂದಿಸಿ, ಹಾಡಿನ ಆಕಾರಕ್ಕೆ ತರುತ್ತಾನೆ. ವಾದ್ಯಪ್ರೌಢಿಮೆಯ ಪ್ರದರ್ಶನ ಈ ಸಂಪ್ರದಾಯದ ದೊಡ್ಡ ವ್ಯಾಮೋಹ, ರಾಥರಿಗೆ ಅದಿಲ್ಲ. ನೂರು ಸ್ವರ ನುಡಿಸಬಹುದಾದ ಕಡೆ ಒಂದೇ ಸ್ವರವನ್ನು ಹಿಡಿದು, ನಮ್ಮ ಗಾಯಕರು ಆಲಾಪನೆಯಲ್ಲಿ ಷಡ್ಜದ ಮೇಲೆ ನಿಲ್ಲುವಂತೆ, ಅದು ತಾನಾಗಿ ಕರಗುವವರೆಗೆ ನಿಲ್ಲುತ್ತಾನೆ. ಅಟ್ಲಾಂಟಿಕ್ ಸಾಗರವನ್ನು ಎರಡು ದಿಕ್ಕುಗಳಲ್ಲಿಯೂ ಹುಟ್ಟುಹಾಕಿ ದಾಟಿದ ಮೊದಲಿಗ ಡಾನ್ ಆಲಂನನ್ನು ನೆನೆಯುವ 'ಓಷನ್ ಕ್ಲೌಡ್' ಸುಮಾರು 18 ನಿಮಿಷಗಳದ್ದು. ಬಿರುಗಾಳಿ, ಆಯಾಸ, ಒಂಟಿತನ ಎಲ್ಲ ಸರದಿಯಾಗಿ ಬಂದುಹೋಗುವಾಗ, ಕಡಲಿನ ಮೇಲೆ ಕಾಲ ಹೇಗೆ ಉದ್ದವಾಗುವುದೆಂಬುದು ಕೇಳುವವನ ಮೈಗೇ ತಿಳಿಯುತ್ತದೆ. ಇದನ್ನು ಎಂಟು ನಿಮಿಷಕ್ಕೆ ಇಳಿಸಬಹುದಾಗಿತ್ತೆಂದು ವಾದಿಸುವವರ ಮಾತನ್ನು ನಾನು ಒಪ್ಪಲಾರೆ.

2002ರಿಂದ ಅಭಿಮಾನಿಗಳು ಮರಿಲಿಯನ್ ವಾರಾಂತ್ಯವೆಂಬ ಜಾತ್ರೆಯಲ್ಲಿ ಕೂಡತೊಡಗಿದರು. 2022ರ ಆಲ್ಬಮ್ 'ಆ್ಯನ್ ಅವರ್ ಬಿಫೋರ್ ಇಟ್ಸ್ ಡಾರ್ಕ್' ಬ್ರಿಟನ್ನಿನ ಎರಡನೆಯ ಸ್ಥಾನವನ್ನು ಮುಟ್ಟಿತು. ಕತ್ತಲಾಗಲು ಇನ್ನೊಂದು ತಾಸು ಎಂಬ ಆ ಹೆಸರನ್ನು, ಅರವತ್ತು ದಾಟಿದ ಆ ಐವರನ್ನು ನೆನೆಯದೆ ಓದುವುದು ನನ್ನಿಂದಾಗದು. ಸರಿಪಡಿಸಿದ ಬ್ಲೂಬರ್ಡ್ 2024ರ ಮಾರ್ಚಿನಲ್ಲಿ ಕಾನಿಸ್ಟನ್ನಿಗೆ ಹಿಂದಿರುಗಿ, ಅಲ್ಲಿನ ರಸ್ಕಿನ್ ವಸ್ತುಸಂಗ್ರಹಾಲಯದಲ್ಲಿ ನೆಲೆಗೊಂಡಿದೆ.

'ಓಷನ್ ಕ್ಲೌಡ್' ಇರುವುದು 'ಮಾರ್ಬಲ್ಸ್' ಎಂಬ 2004ರ ಆಲ್ಬಮ್‌ನಲ್ಲಿ. ಅದಕ್ಕೂ ಮುಂಗಡ ಕೊಟ್ಟವರಿಗಾಗಿ ಮುದ್ರಿಸಿದ ಅದರ ವಿಶೇಷ ಆವೃತ್ತಿಯೊಡನೆ ಒಂದು ಪುಸ್ತಕವಿದೆ; ಅದರಲ್ಲಿ ಹಣ ಕೊಟ್ಟವರ ಹೆಸರುಗಳು ಸಣ್ಣ ಅಕ್ಷರಗಳಲ್ಲಿ ಸಾಲುಸಾಲಾಗಿ ಅಚ್ಚಾಗಿವೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಆ ಹೆಸರಿನವರಲ್ಲಿ ಕೆಲವರು ಈಗ ಇಲ್ಲದಿರಬಹುದು. ಅವರ ಮನೆಯ ಕಪಾಟಿನಲ್ಲಿ ಆ ಪುಸ್ತಕವನ್ನು ಕಂಡ ಮಗನೋ ಮಗಳೋ, ಹಾಡನ್ನು ಹಾಕಿಟ್ಟು, ತಂದೆಯ ಹೆಸರಿರುವ ಸಾಲನ್ನು ಬೆರಳಿಟ್ಟು ಹುಡುಕುತ್ತಿರಬಹುದು.