ಗೋಡೆ ಹೇಳುವ ಹಿರಿಯರ ಕಥೆ

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಮಳೆನೀರು ಹರಿದುಹೋಗಲೆಂದು ಕಟ್ಟಿದ ಕಾಂಕ್ರೀಟ್ ಕಾಲುವೆಯೊಂದಿದೆ. ಅದರ ಗೋಡೆಯ ಮೇಲೆ 2754 ಅಡಿ ಉದ್ದದ ಚಿತ್ರ! ಅರ್ಧ ಮೈಲಿಗೂ ಮಿಕ್ಕಿತು. ನಮ್ಮಲ್ಲಿ ಎಷ್ಟೋ ಜನ ದಿನವೂ ಗಿರಣಿಗೆ ನಡೆಯುವಷ್ಟು ದೂರ. ದಂಡೆಯ ಮೇಲೆ ನಡೆಯುತ್ತ ನೋಡಬಹುದು.

ಜೂಡಿತ್ ಬಾಕಾ ಎಂಬ ಚಿತ್ರಗಾರ್ತಿ 1976ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಮಳೆ ಬಂದರೆ ಕಾಲುವೆ ತುಂಬೀತೆಂದು ಬೇಸಿಗೆಯಲ್ಲಷ್ಟೇ ಕೆಲಸ. 1983ರವರೆಗೆ ಐದು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಹುಡುಗ ಹುಡುಗಿಯರು ಬಣ್ಣ ಹಚ್ಚಿದರು. ಮೊದಲು ಬಂದವರಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದ ಹುಡುಗರೇ ಬಹಳ. ಇತಿಹಾಸ ಬಲ್ಲವರೂ, ಆ ದಿನಗಳನ್ನು ಕಂಡುಂಡ ಹಿರಿಯರೂ ಅವರಿಗೆ ಕಥೆ ಹೇಳಿದರು.

ಪಾಠಪುಸ್ತಕದಲ್ಲಿ ಎಡೆ ಸಿಗದ ಕಥೆಗಳವು. 1930ರ ದಶಕದಲ್ಲಿ ಮೆಕ್ಸಿಕೋ ಮೂಲದವರನ್ನು ರೈಲು ಹತ್ತಿಸಿ ಹೊರದೂಡಿದ್ದು, 1942ರಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದು. ಒಂದೆಡೆ ಹೆದ್ದಾರಿಗಳು ಹಾವಿನಂತೆ ಸುತ್ತಿ ಒಂದೇ ಮನೆಯವರನ್ನು ಅಗಲಿಸುತ್ತವೆ. ಬಡವರ ಕೇರಿ ಸೀಳಿ ರಸ್ತೆ ಮಾಡಿದ ಕಥೆಯದು. ಊರು ಬಿಟ್ಟ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಜ್ಜ ಯಾವ ಬರಗಾಲದಲ್ಲಿ ಊರು ಬಿಟ್ಟನೆಂದು ನಮ್ಮ ಚಾಳಿನ ಎಷ್ಟು ಮಕ್ಕಳು ಬಲ್ಲರು?

ಬಣ್ಣ ಮಾಸಿದ್ದರಿಂದ 2011ರಲ್ಲಿ ಚಿತ್ರವನ್ನು ಸರಿಪಡಿಸಿದರು. 1950ರ ದಶಕಕ್ಕೆ ನಿಂತಿದ್ದ ಕಥೆಗೆ ಈಚೆಗೆ ಮುಂದಿನ ದಶಕಗಳನ್ನೂ ಸೇರಿಸತೊಡಗಿದ್ದಾರೆ.