ತೊಂಬತ್ತರ ತೊಡೆಯ ಬಲ

ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಭಾಗಿಸಿ ನೋಡಿದರೆ 46 ಸೆಕೆಂಡಿಗೆ ಒಬ್ಬರು. 2011ರ ಜನಗಣತಿಯಲ್ಲಿ ಮಂಗಳೂರು ನಗರದ ಜನಸಂಖ್ಯೆ 5 ಲಕ್ಷ ಮುಟ್ಟಿರಲಿಲ್ಲ. ಅಷ್ಟು ದೊಡ್ಡ ಊರಿಗಿಂತ ಹೆಚ್ಚು ಜನ ಪ್ರತಿ ವರ್ಷ ಇಲ್ಲವಾಗುತ್ತಿದ್ದಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಜೀವ ಉಳಿದರೂ ವೈದ್ಯರನ್ನು ಕಾಣಲೇಬೇಕಾದಷ್ಟು ಪೆಟ್ಟಾಗುವುದು ವರ್ಷಕ್ಕೆ 3.73 ಕೋಟಿ ಸಲ. ಬಿದ್ದು ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಅವರಲ್ಲಿ ಅನೇಕರು ಮರದಿಂದಲೋ ಮಹಡಿಯಿಂದಲೋ ಬಿದ್ದವರಲ್ಲ, ನಿಂತ ನೆಲದಲ್ಲೇ ಬಿದ್ದವರು.

ಹೇಗೆ ಬಿದ್ದರು ಎಂದು ಕೇಳಿದರೆ ಮನೆಮಂದಿ ಸಾಮಾನ್ಯವಾಗಿ ‘ಕಾಲು ಜಾರಿತು’ ಎನ್ನುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹಿರಿಯರ ಎರಡು ಆರೈಕೆ ಕೇಂದ್ರಗಳಲ್ಲಿ 2007ರಿಂದ 2010ರವರೆಗೆ ಕ್ಯಾಮೆರಾದಲ್ಲಿ ಸೆರೆಯಾದ 227 ಪ್ರಸಂಗಗಳನ್ನು ಸಂಶೋಧಕರು ಒಂದೊಂದಾಗಿ ನೋಡಿದರು. ಕಾಲು ಜಾರಿ ಬಿದ್ದದ್ದು ಶೇ 3ರಷ್ಟು ಮಾತ್ರ. ಎಡವಿದ್ದು ಶೇ 21. ಎಲ್ಲಕ್ಕಿಂತ ಹೆಚ್ಚು, ಅಂದರೆ ಶೇ 41ರಷ್ಟು ಪ್ರಸಂಗಗಳಲ್ಲಿ ಆದದ್ದು ಇಷ್ಟೇ: ಏಳುವಾಗ, ತಿರುಗುವಾಗ, ಹೆಜ್ಜೆ ಎತ್ತಿಡುವಾಗ ಮೈಭಾರ ಸರಿಯಾಗಿ ಹೊರಳದೆ ಸಮತೋಲ ತಪ್ಪಿತು. ನಮ್ಮ ಬಚ್ಚಲಿನ ಒದ್ದೆ ನೆಲದ ಮಾತು ಬೇರೆ. ಅಲ್ಲಿ ಗೋಡೆಗೊಂದು ಹಿಡಿಕಂಬಿ, ಕಾಲಡಿಗೆ ರಬ್ಬರ್ ಮ್ಯಾಟ್ ಬೇಕೇ ಬೇಕು. ಆದರೆ ನೆಲವನ್ನಷ್ಟೇ ಒರೆಸಿ ಕೈತೊಳೆದುಕೊಂಡರೆ ಸಾಲದು. ನೋಡಬೇಕಾದದ್ದು ಕಾಲುಗಳ ಕಡೆಗೆ.

ಈ ಕಾಲುಗಳ ವಿಷಯದಲ್ಲಿ ನಾವು ಪ್ರೀತಿಯಿಂದಲೇ ಅನ್ಯಾಯ ಮಾಡುತ್ತೇವೆ. ‘ನೀವು ಕೂತಿರಿ ಅಮ್ಮಾ, ನಾನೇ ತಂದುಕೊಡ್ತೀನಿ.’ ‘ಅಪ್ಪಾ, ಮೆಟ್ಟಿಲು ಹತ್ತೋದೆಲ್ಲ ಯಾಕೆ ಈಗ?’ ನೀರಿನ ಲೋಟ, ಕನ್ನಡಕ, ಪೇಪರು ಎಲ್ಲವೂ ಕೂತಲ್ಲಿಗೇ ಬರುತ್ತವೆ. ಹೀಗೆ ಕೂರಿಸುವುದರ ಬೆಲೆ ಎಷ್ಟೆಂದು 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಿಂದ ಊಹಿಸಬಹುದು. ಸರಾಸರಿ 67 ವರ್ಷದ, ಆರೋಗ್ಯವಾಗಿಯೇ ಇದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳಿಂದ ಕರಗಿದ ಸ್ನಾಯು ಹೆಚ್ಚುಕಡಿಮೆ ಒಂದು ಕೆ.ಜಿ. ಕಾಯಿಲೆಯಿಲ್ಲ, ಜ್ವರವಿಲ್ಲ, ಬರೀ ಮಲಗಿದ್ದಕ್ಕೆ ಇಷ್ಟು.

ಇನ್ನು ನಮ್ಮ ದೇಶದ ಲೆಕ್ಕ. 2022ರಲ್ಲಿ ಭಾರತದಲ್ಲಿ ಅರವತ್ತು ದಾಟಿದವರು 14.9 ಕೋಟಿ, 2050ರ ಹೊತ್ತಿಗೆ 34.7 ಕೋಟಿ ಆಗುತ್ತಾರೆ ಎನ್ನುತ್ತದೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ. ಸತ್ತವರನ್ನು ಕಳೆದ ಮೇಲೂ ಈ 28 ವರ್ಷ ದಿನಕ್ಕೆ ಸುಮಾರು 19 ಸಾವಿರ ಮಂದಿ ಈ ಸಾಲಿಗೆ ಸೇರುತ್ತಾ ಹೋಗುತ್ತಾರೆ. 2022ರಲ್ಲಿ ಮೂವತ್ತೈದರಲ್ಲಿದ್ದವರೂ ಆ ಲೆಕ್ಕದೊಳಗೆ ಬಂದರು. ಇಷ್ಟು ಜನಕ್ಕೆ ಹಿಡಿದೆಬ್ಬಿಸುವ ಕೈಗಳನ್ನು ಯಾವ ಸರ್ಕಾರವೂ, ಯಾವ ಕುಟುಂಬವೂ ಹೊಂದಿಸಲಾರದು. ಅವರವರೇ ಎದ್ದು ನಿಲ್ಲುವಂತಿರಬೇಕು.

ವಯಸ್ಸಾದ ಮೇಲೆ ಅದು ಸಾಧ್ಯವೇ? ಬಾಸ್ಟನ್‌ನಲ್ಲಿ ನಡೆದ, 1990ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಓದಿದಾಗ ನನಗೆ ಕುರ್ಚಿ ಬಿಟ್ಟು ಏಳುವಷ್ಟು ಸಂತೋಷವಾಯಿತು. ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಆರೈಕೆ ಕೇಂದ್ರದಲ್ಲಿದ್ದ 10 ಮಂದಿಯನ್ನು ಆರಿಸಿಕೊಂಡರು. ವಯಸ್ಸು 86ರಿಂದ 96. ಕುಳಿತಲ್ಲೇ ಮೊಣಕಾಲು ಚಾಚಿ ಭಾರ ಎತ್ತುವ ವ್ಯಾಯಾಮ, ವಾರಕ್ಕೆ ಮೂರು ದಿನ. ಹಗುರ ಭಾರವೂ ಅಲ್ಲ: ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ 80ರವರೆಗೆ. ಶುರುವಿನಲ್ಲಿ ಒಂದು ಕಾಲು ಎತ್ತುತ್ತಿದ್ದುದು ಸರಾಸರಿ ಸುಮಾರು 8 ಕೆ.ಜಿ. ಎಂಟು ವಾರ ಮುಗಿಸಿದ 9 ಮಂದಿಯ ಬಲ ಸರಾಸರಿ ಶೇ 174ರಷ್ಟು ಏರಿತ್ತು. ತೊಡೆಯ ಸ್ನಾಯು ಶೇ 9ರಷ್ಟು ದಪ್ಪವಾಗಿತ್ತು. ಇಬ್ಬರು ಊರುಗೋಲು ಬಿಟ್ಟರು. ಕೈಯೂರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ತಾವಾಗಿಯೇ ಎದ್ದರು. ತೊಂಬತ್ತರ ದೇಹ ಇನ್ನೂ ಕಟ್ಟಿಕೊಳ್ಳಲು ಸಿದ್ಧವಿತ್ತು. ಯಾರೂ ಅದನ್ನು ಕೇಳಿರಲಿಲ್ಲ. ನಾಲ್ಕು ವಾರ ವ್ಯಾಯಾಮ ಬಿಟ್ಟಾಗ ಬಲ ಮತ್ತೆ ಶೇ 32ರಷ್ಟು ಇಳಿಯಿತು ಎನ್ನುವುದೂ ಅಷ್ಟೇ ಮುಖ್ಯ.

ಇದು ಹತ್ತು ಜನರ ಸಣ್ಣ ಪ್ರಯೋಗ, ನಿಜ. ದೊಡ್ಡ ಸಾಕ್ಷ್ಯ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕೊಕ್ರೇನ್ ವಿಮರ್ಶೆಯಲ್ಲಿದೆ: 108 ಪ್ರಯೋಗ, 25 ದೇಶ, 23,407 ಹಿರಿಯರು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆ. ಅದರ ಶ್ರೇಯದಲ್ಲಿ ಹೆಚ್ಚಿನ ಪಾಲು ಸಮತೋಲ ಮತ್ತು ದಿನನಿತ್ಯದ ಚಲನೆಗಳನ್ನು ಅಭ್ಯಾಸ ಮಾಡಿಸುವ ವ್ಯಾಯಾಮಕ್ಕೆ ಸೇರಬೇಕು.

ಮನೆಯಲ್ಲೇ ಅಳೆದು ನೋಡುವ ದಾರಿಯೂ ಇದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಿರಿಯರು ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರೋ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯ ಪ್ರಕಾರ 70ರಿಂದ 74ರ ಹೆಂಗಸರು 10ಕ್ಕಿಂತ, ಗಂಡಸರು 12ಕ್ಕಿಂತ ಕಡಿಮೆ ಎಣಿಸಿದರೆ ಬೀಳುವ ಅಪಾಯವಿದೆ ಎಂದರ್ಥ. ಸಂಖ್ಯೆ ಕಡಿಮೆ ಬಂದರೆ ಅದನ್ನು ಬರೆದುಕೊಂಡು, ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಹಿಡಿದು ವೈದ್ಯರ ಬಳಿ ಹೋಗಿ. ತಲೆ ಸುತ್ತಿಸುವ, ಮಂಪರು ತರಿಸುವ ಔಷಧ ಅದರಲ್ಲಿದೆಯೇ ಎಂದು ಕೇಳಿ, ಯಾವ ವ್ಯಾಯಾಮ ಎಷ್ಟು ಮಾಡಬಹುದೆಂದು ಫಿಸಿಯೋಥೆರಪಿಸ್ಟ್ ಹತ್ತಿರ ಬರೆಸಿಕೊಳ್ಳಿ. ಎರಡು ತಿಂಗಳು ಬಿಟ್ಟು ಅದೇ ಕುರ್ಚಿಯಲ್ಲಿ ಮತ್ತೆ ಎಣಿಸಿ.